ಗೌರಮ್ಮ ಕೂತ ಕಪ್ಪು

ನಾನು ಪಣ ತೊಟ್ಟರೆ ತೊಟ್ಟಂತೆಯೇ! ಮಂಡ್ಯದ ನಮ್ಮ ಗುತ್ತಲು ಫುಟ್‌ಬಾಲ್ ಸಂಘ ಮದ್ದೂರಿನವರನ್ನು ಮಣ್ಣುಮುಕ್ಕಿಸಿ ‘ನಾಲೆ ಕಪ್ಪು’ ಗೆದ್ದ ದಿನ, ಸಂಘದ ಕಾರ್ಯದರ್ಶಿಯಾದ ಈ ಹೊನ್ನಯ್ಯ ಆ ಬೆಳ್ಳಿಯ ಕಪ್ಪನ್ನು ಎದೆಗವಚಿಕೊಂಡು ಮನೆಗೆ ಬಂದು ಹೆಂಡತಿಯ ಎದುರು ಘೋಷಿಸಿದೆ.

“ಮಂಗಳಾ, ನೋಡ್ಕೋ! ಈ ಕಪ್ಪು ಇನ್ನು ಈ ಮನೆ ಬುಟ್ಟು ಕದಲಾಕಿಲ್ಲ!”

ಮಂಗಳಮ್ಮ ಕಪ್ಪನ್ನು ತಿರುಗಿಸಿ ನೋಡಿದಳು. “ಮುಚ್ಚಳ ಇಲ್ವಲ್ಲ. ಉಪ್ಪಿನಕಾಯಿ ಆಕಕ್ಕೂ ಆಗಾಕಿಲ್ಲ.”

“ಉಪ್ಪಿನಕಾಯಾ! ಕಪ್ಪು ಅಂದ್ರೆ ಏನು ಅಂತ ಗೊತ್ತೇನೇ ನಿಂಗೆ? ರಣಜಿ ಟ್ರೋಫಿ ಅಂದ್ರೆ ಕ್ರಿಕೆಟ್ಟು. ಡೇವಿಸ್ ಕಪ್ಪು ಅಂದ್ರೆ ಟೆನಿಸ್ಸು. ಬೈಟನ್ ಕಪ್ಪು ಅಂದ್ರೆ ಹಾಕಿ. ಡ್ಯೂರಾಂಡ್ ಕಪ್ಪು ಅಂದ್ರೆ ಫುಟ್‌ಬಾಲು. ಯಾವ ಕಪ್ಪಾದ್ರೂ ಕೇಳು, ಯಾವ ಆಟದ್ದು ಅಂತ ಕಣ್ಮುಚ್ಕೊಂಡು ಏಳ್ತೀನಿ!”

“ಕಣ್ಬುಟ್ಕೊಂಡು ಊಟ ಮಾಡಿ, ಸಾಕು. ಮುದ್ದೆ ಆರ್ತಾ ಅದೆ.”

ಈ ಪಟ್ಟಿಯನ್ನು ನಮ್ಮ ಮನೆಗೆ ಬಂದವರೆಲ್ಲ ಕಾಫಿಗೆ ಮೊದಲು ಕೇಳಲೇಬೇಕಿತ್ತು. ಎಷ್ಟೋ ಜನ ಕಾಫಿ ಬೇಡವೆಂದು ಎದ್ದುಹೋದದ್ದೂ ಉಂಟು.

ಈಗ ನಮ್ಮ ಕಪ್ಪಿನ ಕಾನೂನು ಹೇಳಬೇಕು. ಅದು ರೋಲಿಂಗ್ ಕಪ್ಪು. ಗೆದ್ದವರು ಒಂದು ವರ್ಷ ಇಟ್ಟುಕೊಂಡು, ಮುಂದಿನ ವರ್ಷದ ಫೈನಲ್ ದಿನ ಮೈದಾನಕ್ಕೆ ತಂದು ಒಪ್ಪಿಸಬೇಕು. ಸತತವಾಗಿ ಮೂರು ವರ್ಷ ಗೆದ್ದರೆ ಮಾತ್ರ ಖಾಯಂ. ಕಪ್ಪನ್ನು ದಾನ ಮಾಡಿದವರು ಬೆಲ್ಲದ ಮಂಡಿಯ ಲಿಂಗಯ್ಯನವರು. ಅವರ ಮೀಸೆಯನ್ನು ಕಂಡರೆ ಗಾಡಿಯ ಎತ್ತುಗಳೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದವು. ದಾರಿಯಲ್ಲಿ ಸಿಕ್ಕಾಗಲೆಲ್ಲ ಅವರದು ಒಂದೇ ಪ್ರಶ್ನೆ: “ಕಪ್ಪು ಭದ್ರವಾಗದಾ ಹೊನ್ನಯ್ಯ?” ನನ್ನದೂ ಒಂದೇ ಉತ್ತರ: “ಟ್ರಂಕಲ್ಲಿ ರೇಷ್ಮೆ ಪಂಚೆ ಸುತ್ತಿ ಮಡಗಿದ್ದೀನಿ ಸ್ವಾಮಿ, ಎರಡು ಬೀಗ!” ಎರಡು ಬೀಗವಿದ್ದದ್ದು ನಿಜ. ಎರಡರ ಕೀಲಿಕೈಯೂ ಟ್ರಂಕಿನ ಮೇಲಿನ ಮೊಳೆಗೆ ನೇತಾಡುತ್ತಿದ್ದದ್ದು ಅಷ್ಟೇ ನಿಜ.

ಅದು ಯುದ್ಧದ ಕಾಲ. ಸಾವಿರದ ಒಂಬೈನೂರ ನಲವತ್ತಮೂರು. ನಾವು ಗೆದ್ದು ವರ್ಷ ತುಂಬಿತ್ತು; ಆ ಸಲವೂ ಫೈನಲ್‌ಗೆ ಬಂದವರು ನಾವು ಮತ್ತು ಮದ್ದೂರಿನವರೇ. ಗೌರಿಹಬ್ಬಕ್ಕೆ ಮುಂಚಿನ ಭಾನುವಾರ ಆಟ ಗೊತ್ತಾಗಿತ್ತು. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಮಹತ್ಕಾರ್ಯವನ್ನು ನಾನೇ ವಹಿಸಿಕೊಂಡೆ. ಬಾಯಿ ಕಿರಿದಾದ ಪಾತ್ರೆಯಿಂದ ಸುರಿದರೆ ಗೆರೆ ನೆಟ್ಟಗೆ ಬರುತ್ತದಲ್ಲವೆ? ಮನೆಯಲ್ಲಿ ಹುಡುಕಿದೆ. ಅಟ್ಟದ ಮೇಲೆ ಒಂದು ಹಿತ್ತಾಳೆ ಚೊಂಬು ಸಿಕ್ಕಿತು. ಆಹಾ, ಗೆರೆಯೆಂದರೆ ಗೆರೆ! ಅಷ್ಟರಲ್ಲಿ ಮಳೆ ಹೊಯ್ದು ಗೆರೆ, ಮೈದಾನ, ಫೈನಲ್ ಮೂರೂ ಕೊಚ್ಚಿಹೋದವು. ಆಟ ಹಬ್ಬದ ಐದನೆಯ ದಿನಕ್ಕೆ ಹೋಯಿತು. ಚೊಂಬನ್ನು ನಾನು ಹಿತ್ತಲಲ್ಲಿ ಮರೆತೆ. ಒಳಗಿನ ಸುಣ್ಣ ಕಲ್ಲಾಯಿತು.

ಐದನೆಯ ದಿನ ಬೆಳಿಗ್ಗೆ ಠೀವಿಯಿಂದ ಟ್ರಂಕು ತೆರೆದೆ. ರೇಷ್ಮೆ ಪಂಚೆ ಇತ್ತು. ಕಪ್ಪು ಇರಲಿಲ್ಲ!

“ಮಂಗಳಾ! ಕಳ್ಳರು! ಕಪ್ಪು ಓಯ್ತು!”

“ಯಾಕಂಗೆ ಕಿರುಚ್ತೀರಿ? ನಾಕು ದಿನದಿಂದ ಅದಕ್ಕೇ ಅಡ್ಡಬೀಳ್ತಾ ಇದ್ದೀರಲ್ಲ!”

ದೇವರ ಮೂಲೆಗೆ ಓಡಿದೆ. ಸೀರೆ ಉಟ್ಟು, ಹೂ ಮುಡಿದು, ತೆಂಗಿನಕಾಯಿಯ ಮುಖಕ್ಕೆ ಅರಿಶಿನ ಬಳಿದುಕೊಂಡು ಗೌರಮ್ಮ ಕೂತಿದ್ದಳು. ಸೀರೆಯ ಸೆರಗು ಸ್ವಲ್ಪ ಸರಿಸಿದೆ. ಎಡಕ್ಕೊಂದು ಬಲಕ್ಕೊಂದು ಬೆಳ್ಳಿಯ ಹಿಡಿ! ನಾಲೆ ಕಪ್ಪೇ ಕಳಶವಾಗಿತ್ತು!

“ಮುಟ್ಟಬ್ಯಾಡ ಕಣ್ಲಾ!” ಎಂದು ನನ್ನ ತಾಯಿ ಬೆಟ್ಟಮ್ಮ ಗುಡುಗಿದಳು. “ಕೂರಿಸಿದ್ ಕಳಸ ಕದಲಿಸ್ತಾರೇನ್ಲಾ? ಸಂಜೆ ಓಲಗದಲ್ಲಿ ಓಗಿ ಗೌರಮ್ಮನ್ನ ನಾಲೇಗೆ ಬುಟ್ ಬತ್ತೀವಿ. ಆಮೇಲೆ ತಕ್ಕೊ.”

“ಅವ್ವಾ, ಸಂಜೆ ಐದಕ್ಕೆ ಆಟ! ಇಷ್ಟು ಪಾತ್ರೆ ಇರ್ವಾಗ ಇದೇ ಬೇಕಾಗಿತ್ತಾ?”

ಮಂಗಳಮ್ಮ ಹಿತ್ತಲಿಗೆ ಹೋಗಿ, ಸುಣ್ಣ ತುಂಬಿದ ಚೊಂಬನ್ನು ತಂದು ನನ್ನ ಕಾಲ ಬಳಿ ಕುಕ್ಕಿದಳು. “ಇದು ಅತ್ತೆಯವ್ರ ಕಳಸದ ಚೊಂಬು. ಇದಕ್ಕೆ ಈ ಗತಿ ತಂದೋರು ಯಾರು? ಮುಸುರೆ ತಾಗದೆ ಇರೋ ಪಾತ್ರೆ ಅಂತ ಈ ಮನೇಲಿ ಇನ್ನು ಉಳಿದಿದ್ದು ಅದೊಂದೇ. ಮನೆ ಬುಟ್ಟು ಕದಲಾಕಿಲ್ಲ ಅಂತ ನೀವೇ ಏಳಿದ್ರಲ್ಲ, ಕದಲಿಲ್ಲ ಬುಡಿ!”

ಚೊಂಬನ್ನು ಬೋರಲು ಹಾಕಿ ಬಡಿದೆ. ಸುಣ್ಣವೂ ಕದಲಲಿಲ್ಲ.

“ಸುಮ್ನೆ ಓಗಿ ಲಿಂಗಯ್ಯನವ್ರಿಗೆ ಇದ್ದದ್ದು ಇದ್ದಂಗೆ ಏಳ್ಬುಡಿ,” ಎಂದಳು.

ಇದ್ದದ್ದು ಇದ್ದಂತೆಯೇ? ಎರಡು ಬೀಗದ ಕಥೆಯನ್ನು ಒಂದು ವರ್ಷ ಹೇಳಿದ ಬಾಯಿಂದಲೇ? ಆ ಮೀಸೆಯ ಮುಂದೆಯೇ? ಕಾರ್ಯದರ್ಶಿಗಿರಿ ಹೋಗಲಿ, ಮಂಡ್ಯದಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ನೇರ ಮಕ್ಸೂದನ ಅಂಗಡಿಗೆ ಓಡಿದೆ. ಮಕ್ಸೂದ್ ತಗಡಿನ ಕೆಲಸದವನು. ನಮ್ಮ ತಂಡದ ಗೋಲ್‌ಕೀಪರ್ ಕೂಡ.

“ಮಕ್ಸೂದ್, ಸಂಜೆ ಒಳಗೆ ಒಂದು ಕಪ್ಪು ಮಾಡ್ಕೊಡಬೇಕು!”

“ಎಷ್ಟು ಪಾವಿಂದು?”

ವಿಷಯ ಹೇಳಿದೆ. ಅವನು ಕೆನ್ನೆ ಬಡಿದುಕೊಂಡ. “ಯಾ ಅಲ್ಲಾ! ಬೆಳ್ಳಿ ಕಪ್ಪನ್ನ ಸೀಮೆಎಣ್ಣೆ ಡಬ್ಬದ ತಗಡಲ್ಲಿ ಮಾಡ್ಲಾ? ಬೆಸುಗೆಗೆ ಸೀಸ ಬೇರೆ ಸಿಕ್ತಿಲ್ಲ. ಎರಡು ಇಡಿಗೂ ಒಂದೊಂದೇ ಚುಕ್ಕಿ ಬೆಸುಗೆ ಆಕ್ತೀನಿ. ಮೆಲ್ಲಗೆ ಎತ್ಬೇಕು ಅಂತ ಏಳು.”

“ಯಾರೂ ಎತ್ತಿ ನೋಡಾಕಿಲ್ಲ. ಗೆದ್ಬುಟ್ರೆ ಸಾಕು, ಕಪ್ಪು ತಿರುಗಾ ನಮ್ಮನೇಗೇ ಬತ್ತದೆ. ಗೋಲು ಬುಡಬೇಡ ಕಣ್ಲಾ!”

“ಬುಟ್ರೆ?”

“ಮದ್ದೂರಿನವ್ರು ಇದನ್ನ ತಕ್ಕೊಂಡೋಗಿ ಉಜ್ಜಿ ನೋಡ್ತಾರೆ. ಆಮೇಲೆ ನಮ್ಮಿಬ್ಬರನ್ನೂ ಉಜ್ತಾರೆ!”

ಐದು ಗಂಟೆಗೆ ಆಟ ಶುರುವಾಯಿತು. ಮೇಜಿನ ಮೇಲೆ ಶಾಲು ಹೊದ್ದು ತಗಡಿನ ಕಪ್ಪು ಕೂತಿತ್ತು. ಪಕ್ಕದಲ್ಲಿ ಬೆವರು ಸುರಿಸುತ್ತ ನಾನು. ಆ ದಿನ ಮಕ್ಸೂದ್ ಗೋಲನ್ನು ಕಾದ ಹಾಗೆ ಯಾವ ಕೋಟೆಯನ್ನೂ ಯಾರೂ ಕಾದಿರಲಾರರು! ಹಾರಿದ, ಉರುಳಿದ, ಒಂದು ಸಲ ಚೆಂಡನ್ನು ಮೂಗಿನಿಂದಲೇ ತಡೆದ. ನೋಡುವವರಿಗೆ ಅದು ಶೌರ್ಯ. ಅದು ಪ್ರಾಣಭಯವೆಂದು ಗೊತ್ತಿದ್ದವನು ನಾನೊಬ್ಬನೇ. ಎರಡೂ ಕಡೆ ಒಂದೊಂದು ಗೋಲಾಗಿ ಸಮನಾಗಿದ್ದಾಗ, ಇನ್ನೇನು ಸೀಟಿ ಊದಬೇಕು ಎನ್ನುವಾಗ, ನಮ್ಮ ಕೊತ್ತತ್ತಿಯ ಮಾದಯ್ಯ ಒದ್ದ ಚೆಂಡು ಕೆಸರಲ್ಲಿ ಜಾರಿ ಜಾರಿ ಗೋಲಿನೊಳಕ್ಕೆ ಹೋಯಿತು! ನಾನು ಕುಣಿದೆ, ಅತ್ತೆ, ಯಾರನ್ನೋ ತಬ್ಬಿಕೊಂಡೆ. ಆಮೇಲೆ ನೋಡಿದರೆ ಅವನು ಮದ್ದೂರಿನವನು.

ಬಚಾವಾದೆ ಎಂದುಕೊಳ್ಳುವಷ್ಟರಲ್ಲಿ ಲಿಂಗಯ್ಯನವರು ಶಾಲು ಸರಿಸಿದರು. ಮೂಗರಳಿಸಿದರು.

“ಏನಯ್ಯ ಇದು, ಸೀಮೆಎಣ್ಣೆ ವಾಸನೆ?”

ಸೀಮೆಎಣ್ಣೆ ಕಣ್ಣಿಗೇ ಬೀಳದ ದಿನಗಳವು. ಗುಂಪಿನಲ್ಲಿ ಯಾರೋ ಕೂಗಿದರು: “ಸೀಮೆಎಣ್ಣೆ ಬಂದದಾ? ಎಲ್ಲಿ? ಎಲ್ಲಿ?” ಹತ್ತಾರು ಜನ ಮೇಜಿಗೆ ಮುಗಿಬಿದ್ದರು. ಆ ನೂಕಾಟದಲ್ಲಿ ಲಿಂಗಯ್ಯನವರು ಕಪ್ಪನ್ನು ಸರಕ್ಕನೆ ಮೇಲೆತ್ತಿದರು. ಎರಡು ಹಿಡಿಗಳೂ ಅವರ ಕೈಯಲ್ಲೇ ಉಳಿದವು. ಕಪ್ಪು ನನ್ನ ಕಾಲ ಮೇಲೆ ಬಿದ್ದು ಡಬಡಬನೆ ಉರುಳುತ್ತ ಹೋಯಿತು. ರೋಲಿಂಗ್ ಕಪ್ಪು!

 ಅಷ್ಟರಲ್ಲಿ ನಾಲೆಯ ದಾರಿಯಿಂದ ಓಲಗ ಕೇಳಿಸಿತು. ನೋಡಿದರೆ, ಬೀದಿಯ ಹೆಂಗಸರೆಲ್ಲ ಹಾಡುತ್ತ ಬರುತ್ತಿದ್ದಾರೆ. ಮುಂದೆ ನನ್ನವ್ವ, ಅವಳ ತಲೆಯ ಮೇಲೆ ಗೌರಮ್ಮ. ಸೀರೆ ತೆಗೆದ ಕಳಶ ಸಂಜೆಯ ಬಿಸಿಲಿಗೆ ಫಳಫಳ ಹೊಳೆಯುತ್ತಿದೆ, ಎರಡೂ ಹಿಡಿ ಸಮೇತ!

“ಅದು ನನ್ನ ಕಪ್ಪಲ್ವೇನೋ!” ಎಂದರು ಲಿಂಗಯ್ಯನವರು.

ಇನ್ನು ಸುಳ್ಳಿಗೆ ಜಾಗವಿರಲಿಲ್ಲ. ಚೊಂಬು, ಸುಣ್ಣ, ಟ್ರಂಕು, ಕೀಲಿಕೈ, ತಗಡು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡೆ. ಮೀಸೆ ಅದುರಿತು. ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಲಿಂಗಯ್ಯನವರು ಚಪ್ಪಲಿ ಕಳಚಿ, ಎರಡೂ ಹಿಡಿಗಳ ಸಮೇತ ಕೈಮುಗಿದು ನಿಂತಿದ್ದರು!

“ನಾನು ಕೊಟ್ಟ ಕಪ್ಪಲ್ಲಿ ಗೌರಮ್ಮ ಬಂದು ಕೂತವಳೆ! ಮೊದ್ಲೇ ಏಳಿದ್ರೆ ಓಲಗ ನಾನೇ ಕಳಿಸ್ತಿದ್ನಲ್ಲೋ, ಪೆದ್ದ! ಆಟಾನ ನಾಳೇಗೆ ಮಡಗ್ತಿದ್ದೆ!”

ಎರಡೂ ತಂಡದವರು ಕೆಸರು ಮೈಯಲ್ಲೇ ಓಲಗದ ಹಿಂದೆ ನಾಲೆಗೆ ನಡೆದರು. ಗೌರಮ್ಮನನ್ನು ಬೀಳ್ಕೊಟ್ಟ ಮೇಲೆ ಅವ್ವ ಕಪ್ಪನ್ನು ತೊಳೆದು ಲಿಂಗಯ್ಯನವರ ಕೈಗಿತ್ತಳು. ಅವರು ನಮ್ಮ ತಂಡಕ್ಕಿತ್ತರು. ಮದ್ದೂರಿನವರಿಗೂ ನಮಗೂ ಒಂದೇ ತಟ್ಟೆಯಿಂದ ತಂಬಿಟ್ಟು ಹಂಚಿಕೆಯಾಯಿತು. ಅಷ್ಟು ನಗು ಆ ನಾಲೆಯ ಏರಿಯ ಮೇಲೆ ನಾನು ಮತ್ತೆ ಕೇಳಿಲ್ಲ. ಕೊನೆಗೆ ಲಿಂಗಯ್ಯನವರು ತಗಡಿನ ಕಪ್ಪನ್ನೂ ಎತ್ತಿ, ಹಿಡಿಗಳನ್ನು ಅದರೊಳಗೆ ಹಾಕಿ, ಎಲ್ಲರೆದುರು ನನಗೆ ಪ್ರದಾನ ಮಾಡಿದರು. ತಂಡಕ್ಕೆ ಬಿದ್ದದ್ದಕ್ಕಿಂತ ದೊಡ್ಡ ಚಪ್ಪಾಳೆ ನನಗೇ ಬಿತ್ತು!

ಆ ವರ್ಷವೆಲ್ಲ ನಮ್ಮ ಗೂಡಿನಲ್ಲಿ ಎರಡೂ ಕಪ್ಪು ಅಕ್ಕಪಕ್ಕ ಇದ್ದವು. ಒಂದು ದಿನ ಮಳವಳ್ಳಿಯಿಂದ ನನ್ನ ಭಾವಮೈದ ಮರಿಸಿದ್ದಯ್ಯ ಬಂದ. ಹಳೆಯ ಚಪಲ ಬಿಡುತ್ತದೆಯೆ? ರಣಜಿ ಕ್ರಿಕೆಟ್ಟು, ಡೇವಿಸ್ ಟೆನಿಸ್ಸು, ಬೈಟನ್ ಹಾಕಿ ಎಂದು ಶುರುಮಾಡಿದೆ. ಅವನು ಗೂಡಿನತ್ತ ಬೆರಳು ತೋರಿಸಿದ.

“ಅದ್ಸರಿ ಭಾವ, ಆ ತಗಡಿಂದು ಯಾವ ಆಟದ್ದು?”

ಜೀವಮಾನದಲ್ಲಿ ಮೊದಲ ಸಲ ನನಗೆ ಉತ್ತರ ಹೊಳೆಯಲಿಲ್ಲ. ಅಡುಗೆಮನೆಯಿಂದ ಮಂಗಳಮ್ಮನೇ ಹೇಳಿದಳು:

“ಅದಾ? ಸುಳ್ಳೇಳೋ ಆಟದ್ದು ಕಣಪ್ಪ. ರೋಲಿಂಗ್ ಕಪ್ಪಲ್ಲ ಅದು, ನಿಮ್ ಭಾವನಿಗೆ ಖಾಯಮ್ಮಾಗೇ ಕೊಟ್ಬುಟ್ಟವ್ರೆ!”