ತಿರುವದ ಹಾಳೆ

ದಪ್ಪ ಪುಸ್ತಕ ಓದುವವರೆಲ್ಲ ಗಟ್ಟಿ ಗುಂಡಿಗೆಯವರೆಂದು ಜನ ತಿಳಿದಿದ್ದಾರೆ. ತಿಳಿದುಕೊಳ್ಳಲಿ ಬಿಡಿ. ನಾನಂತೂ ಯಾವ ಕಾದಂಬರಿ ಹಿಡಿದರೂ ಮೊದಲು ಮುಂದಿನ ಪುಟಗಳನ್ನು ಕದ್ದು ನೋಡುವ ಪುಕ್ಕಲ. ಯಾರು ಉಳಿದರು, ಯಾರು ಹೋದರು ಎಂದು ಗೊತ್ತಾಗದೆ ನನಗೆ ಅನ್ನ ಸೇರುವುದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಹೂವಿನಹಡಗಲಿಯಲ್ಲಿ ಮೇಷ್ಟ್ರಾಗಿದ್ದಾಗ ಲೈಬ್ರರಿಯಿಂದ ಒಂದು ಐತಿಹಾಸಿಕ ಕಾದಂಬರಿ ತಂದೆ. ಒಂಬೈನೂರು ಪುಟ, ಪುಟಕ್ಕೊಂದು ಕಾಳಗ. ಉಪ್ಪಿನಕಾಯಿ ಭರಣಿಯ ಮೇಲೆ ಹೇರಲು ಅದೇ ಸರಿಯೆಂದು ನನ್ನ ಹೆಂಡತಿ ಆಗಲೇ ಕಣ್ಣು ಹಾಕಿದ್ದಳು. ಪಕ್ಕದ ಮನೆಯ ಫಾತಿಮಕ್ಕ ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಮಲ್ಲಿಗೆ ಕಟ್ಟುವಳು. ಓದು ಬಾರದು. "ಜೋರಾಗಿ ಓದ್ರಿ ಮೇಷ್ಟ್ರ, ಕೈಗೆ ಕೆಲಸ ಐತಿ, ಕಿವಿ ಖಾಲಿ ಅದಾವು" ಎಂದಳು. ಅವಳ ಒಬ್ಬನೇ ಮಗ ಬಾಷಾ, ನನ್ನ ಕೈಯಲ್ಲೇ ಅಕ್ಷರ ಕಲಿತವನು, ಮಿಲಿಟರಿ ಲಾರಿ ಓಡಿಸಲು ಹೋಗಿ ಯುದ್ಧದಲ್ಲಿ ಕಾಣೆಯಾಗಿ ಏಳು ವರ್ಷವಾಗಿತ್ತು. ಊರೆಲ್ಲ "ಬಂದೇ ಬರ್ತಾನ" ಎನ್ನುತ್ತಿತ್ತು. ಎಲ್ಲರಿಗಿಂತ ಗಟ್ಟಿಯಾಗಿ ನಾನು.

ಕಾದಂಬರಿಯ ಸಿಪಾಯಿ ಮಲ್ಲನೆಂದರೆ ಅವಳಿಗೆ ಜೀವ. "ಉಂಡಾನೇನ್ರಿ?" ಎಂದು ಕೇಳುವಳು. ಅವನು ಕೋಟೆಯ ಬಾಗಿಲಲ್ಲಿ ಸಾಯುವುದು ನನಗೆ ಗೊತ್ತಿತ್ತಲ್ಲ! ಆ ಪುಟ ಬಂದೇಬಿಟ್ಟಿತು. ಅದರ ಮೇಲೆ ಬೆರಳಿಟ್ಟುಕೊಂಡು ನಾನೇ ಕಥೆ ಕಟ್ಟತೊಡಗಿದೆ. ನನ್ನ ಮಲ್ಲ ಹೊಳೆ ದಾಟಿದ, ಗುಡ್ಡ ಹತ್ತಿದ. ನನಗೆ ಸಂಜೆ ಹಸಿವು ಜಾಸ್ತಿ, ಹಾಗಾಗಿ ದಿನವೂ ಮಂಡಕ್ಕಿ ಮಿರ್ಚಿ ತಿಂದ.

ಹೀಗೆ ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ ಫಾತಿಮಕ್ಕ ಹೂವು ಕೆಳಗಿಟ್ಟಳು.

"ಮೊದಲು ನಾ ಒಂದು ಮೊಳ ಕಟ್ಟೋದ್ರಾಗ ಎರಡು ಹಾಳಿ ಸಪ್ಪಳ ಆಗ್ತಿತ್ತು. ಹದಿನೈದು ದಿನ ಆತು, ಒಂದೂ ತಿರುವಿಲ್ಲ ನೀವು. ಮಲ್ಲ ಸತ್ತಾನೇನ್ರಿ?"

ನಾನು ಪುಸ್ತಕ ಮುಚ್ಚಲು ಹೋದೆ.

"ಓದ್ರಿ. ಎಲ್ಲಾರೂ ಬರ್ತಾನ ಬರ್ತಾನ ಅಂತೀರಿ. ಏಳು ವರ್ಷದಾಗ ನನ್ನ ಕುಂತು ಅಳಾಕ ಒಬ್ರರ ಬಿಟ್ಟೀರೇನು?"

ಎರಡು ಸಾಲು ಓದಿದೆ. ಮೂರನೆಯದು ಆಗಲಿಲ್ಲ. ಹೆಂಡತಿ ಪುಸ್ತಕ ಕಿತ್ತುಕೊಂಡು ಉಳಿದದ್ದನ್ನು ಓದಿದಳು. ಫಾತಿಮಕ್ಕ "ನನ್ನ ಬಾಷಾ" ಎಂದು ಬೀದಿಗೆಲ್ಲ ಕೇಳುವಂತೆ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ಮ ಕಥೀನೂ ಚಲೋ ಇತ್ತ್ರಿ. ಆದರ ಯುದ್ಧದಾಗ ದಿನಾ ಮಿರ್ಚಿ ಯಾರು ಕೊಡ್ತಾರ?" ಎಂದು ನಗಲು ನೋಡಿದಳು. ನನ್ನ ಹೆಂಡತಿಯ ಕಡೆ ತಿರುಗಿ, "ಮೇಷ್ಟ್ರಿಗೆ ಒಂದೀಟು ನೀರು ಕೊಡವ್ವ" ಎಂದಳು.

ಏಳು ವರ್ಷ "ಬರ್ತಾನ" ಎಂದು ಸಲೀಸಾಗಿ ಹೇಳಿದ ಗಂಟಲು ಇದು. ಅಂದು ನೀರೂ ಇಳಿಯಲಿಲ್ಲ.