ಡೊಂಬಿವ್ಲಿಯ 8.14ರ ಬಾಗಿಲಲ್ಲಿ ಸಾಮೂಹಿಕವಾಗಿ ಉಸಿರು ಬಿಡುವ ಕುರಿತು

ಉಪನಗರ ಉಸಿರಾಟ ನಿಯಂತ್ರಣ ಇಲಾಖೆ
(ಕನ್ನಡ ಶಾಖೆ), ವರ್ತಕ ನಗರ, ಠಾಣೆ ಪಶ್ಚಿಮ

ಸಂಖ್ಯೆ: ಉಉನಿಇ/ಕಶಾ/ಒಳಗೆ-ಹೊರಗೆ/814/2025-26
ದಿನಾಂಕ: 02-12-2025

ಸುತ್ತೋಲೆ

ವಿಷಯ: ಕಿಕ್ಕಿರಿದ ರೈಲು ಡಬ್ಬಿಯಲ್ಲಿ ಮೂಗು, ಶ್ವಾಸನಾಳ, ವಪೆ ಹಾಗೂ ಶ್ವಾಸಕೋಶಗಳನ್ನು ಬಳಸುವ ಕ್ರಮ, ಮತ್ತು ಶ್ವಾಸಕೋಶದ ಭಾಗವಾದ ಹಾಲೆಯೊಂದು ಕಡಿಮೆಯಿರುವ ಪ್ರಯಾಣಿಕರೊಬ್ಬರ ಜಾಗವನ್ನು ಇತ್ಯರ್ಥಪಡಿಸುವ ಬಗ್ಗೆ.

ಉಲ್ಲೇಖ:
1. ಡೊಂಬಿವ್ಲಿ ಪೂರ್ವದ ಶ್ರೀ ಜಯಶೀಲ ಅವರು ತಮ್ಮ ಬಾಗಿಲ ಜಾಗವನ್ನು ಬಿಟ್ಟುಕೊಡಲು ಸಲ್ಲಿಸಿದ ಅರ್ಜಿ.
2. ಸದರಿ ಅರ್ಜಿಗೆ ಸಹಪ್ರಯಾಣಿಕರು ಸಲ್ಲಿಸಿದ ಆಕ್ಷೇಪಣೆ.
3. ಶ್ವಾಸ ನಿರೀಕ್ಷಕ ಶ್ರೀ ಸುನಿಲ ಅವರ ಸ್ಥಳ ಪರಿಶೀಲನಾ ವರದಿ (ಅಪೂರ್ಣ).
4. ಅರ್ಜಿದಾರರ ಮೌನ (ಎರಡು ನಿಮಿಷ).

ಪ್ರಸ್ತಾವನೆ

ಕಲ್ಯಾಣದಿಂದ ತುಂಬಿಕೊಂಡೇ ಠಾಣೆಯತ್ತ ಬರುವ ಬೆಳಗಿನ 8.14ರ ಫಾಸ್ಟ್ ಲೋಕಲ್ ಗಾಡಿಯು ಡೊಂಬಿವ್ಲಿಯಲ್ಲಿ ನಿಂತಾಗ, ನಡುವಿನ ಡಬ್ಬಿಯೊಂದರ ಬಾಗಿಲಲ್ಲಿರುವ ಉಡುಪಿ ಕಡೆಯ ಹನ್ನೊಂದು ಮಂದಿ ಒಟ್ಟಿಗೆ ಉಸಿರನ್ನು ಹೊರಬಿಟ್ಟು, ಐದು ಎಣಿಸುವವರೆಗೆ ಒಳಗೆಳೆಯದೆ ನಿಲ್ಲುವ ರೂಢಿಯು ಹತ್ತೊಂಬತ್ತು ವರ್ಷಗಳಿಂದ ನಡೆದುಬಂದಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಉಸಿರು ಬಿಟ್ಟ ಎದೆಯು ತಲಾ ಮೂರು ಸೆಂಟಿಮೀಟರಿನಷ್ಟು ಕುಗ್ಗುವುದರಿಂದ, ಹನ್ನೊಂದು ಎದೆಗಳಿಗೆ ಮೂವತ್ತಮೂರು ಸೆಂಟಿಮೀಟರು ದೊರೆಯುತ್ತದೆ. ಅಡ್ಡ ನಿಂತ ಒಬ್ಬ ಮಧ್ಯಮ ವರ್ಗದ ಮನುಷ್ಯನಿಗೆ ಇದು ಸಾಕಾಗುತ್ತದೆ. (ಲೆಕ್ಕದ ವಿಧಾನವನ್ನು ಪ್ರಶ್ನಿಸತಕ್ಕದ್ದಲ್ಲ.)

ಈ ಜಾಗದಲ್ಲಿ ಹತ್ತೊಂಬತ್ತು ವರ್ಷ ಹತ್ತುತ್ತಿದ್ದವರು ಶ್ರೀ ಜಯಶೀಲ, ವಯಸ್ಸು ಐವತ್ತನಾಲ್ಕು, ಐರೋಲಿಯ ಒಂದು ಕ್ಯಾಂಟೀನಿನಲ್ಲಿ ಸ್ಟೋರ್ ಕೀಪರು. ಕಲ್ಯಾಣದಿಂದ ಬರುವ ಶ್ರೀ ಮಧ್ವರಾಜ ಅವರು ಬಾಗಿಲ ಕಂಬ ಹಿಡಿದು "ಬಿಡಿ ಉಸ್ರು! ಜಯಶೀಲಣ್ಣ ಬಂದ್ರು!" ಎಂದು ಕೂಗುವುದೂ, ಹನ್ನೊಂದು ಬಾಯಿಗಳಿಂದ ಕುಕ್ಕರಿನಂತೆ ಸದ್ದು ಬರುವುದೂ, ಅರ್ಜಿದಾರರು ಒಳಗೆ ಸೇರಿಕೊಂಡು ತಾವೂ ಐದು ಎಣಿಸುವುದೂ ಕ್ರಮವಾಗಿತ್ತು. ಗಾಡಿ ಹೊರಟು ನಾಲ್ಕು ಸಲ ಕುಲುಕಿದ ಮೇಲೆ ಜನ ಅಕ್ಕಿ ಡಬ್ಬಿಯ ಅಕ್ಕಿಯಂತೆ ತಾನಾಗಿ ತಗ್ಗುತ್ತಾರೆ. ಆಮೇಲೆ ಎಲ್ಲರೂ ಉಸಿರಾಡಬಹುದು.

ಕಳೆದ ಜೂನ್ ತಿಂಗಳಿನಲ್ಲಿ ಅರ್ಜಿದಾರರ ಬಲ ಶ್ವಾಸಕೋಶದಲ್ಲಿ ಗಂಟೊಂದು ಕಂಡುಬಂದು, ಅದರ ಕೆಳಹಾಲೆಯನ್ನು ತೆಗೆಯಲಾಯಿತು. ಐದು ತಿಂಗಳು ಅವರು ಗಾಡಿಗೆ ಬರಲಿಲ್ಲ. ಈ ಹಿನ್ನೆಲೆಯಲ್ಲಿ ಎಲ್ಲ ಪ್ರಯಾಣಿಕರ ಅನುಸರಣೆಗಾಗಿ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಮೂಗು. ಹೊರಗಿನ ಗಾಳಿಯನ್ನು ಬೆಚ್ಚಗೆ ಮಾಡುವುದು, ತೇವಗೊಳಿಸುವುದು, ಧೂಳು ಸೋಸುವುದು ಮೂಗಿನ ಕರ್ತವ್ಯವಾಗಿರುತ್ತದೆ. ಡಬ್ಬಿಯೊಳಗಿನ ಗಾಳಿಯನ್ನು ಅದಾಗಲೇ ಬೇರೆಯವರ ಮೂಗುಗಳು ಬೆಚ್ಚಗೆ ಮಾಡಿ ತೇವಗೊಳಿಸಿರುವುದರಿಂದ ತಮ್ಮ ಮೂಗಿಗೆ ಕೆಲಸವಿಲ್ಲವೆಂದು ಯಾರೂ ಭಾವಿಸತಕ್ಕದ್ದಲ್ಲ. ಮೂಗುಗಳು ಠಾಣೆಯವರೆಗೆ ಕರ್ತವ್ಯದ ಮೇಲಿರತಕ್ಕದ್ದು.

2. ಗಂಟಲಿನ ಮುಚ್ಚಳ. ನುಂಗುವಾಗ ಶ್ವಾಸನಾಳವನ್ನು ಮುಚ್ಚಲು ಗಂಟಲಲ್ಲಿ ಒಂದು ಮುಚ್ಚಳವನ್ನು ಒದಗಿಸಲಾಗಿದೆ. ಒಂದೇ ಮುಚ್ಚಳ ಇರುವುದರಿಂದ, ವಡಾಪಾವ್ ತಿನ್ನುತ್ತಲೇ ಕ್ರಿಕೆಟ್ ತಂಡದ ಆಯ್ಕೆಯನ್ನು ಟೀಕಿಸುವುದನ್ನು ನಿಷೇಧಿಸಲಾಗಿದೆ. ಶ್ರೀ ಮಧ್ವರಾಜ ಅವರು ಈ ಷರತ್ತನ್ನು ಎರಡು ಸಲ ಓದತಕ್ಕದ್ದು.

3. ವ್ಯರ್ಥ ಗಾಳಿ. ಸಾಧಾರಣ ಉಸಿರೊಂದಕ್ಕೆ ಸುಮಾರು ಐನೂರು ಮಿಲಿಲೀಟರು ಗಾಳಿ ಒಳಹೋಗುತ್ತದೆ. ಅದರಲ್ಲಿ ನೂರೈವತ್ತು ಮಿಲಿಲೀಟರು ಕೊಳವೆಗಳಲ್ಲೇ ಉಳಿದು, ರಕ್ತದ ಮುಖ ನೋಡದೆ ಹಿಂದಿರುಗುತ್ತದೆ. ಠಾಣೆಯಲ್ಲಿ ಇಳಿಯಲಾಗದೆ ಮುಂದಿನ ಮುಲುಂಡ್ ನಿಲ್ದಾಣ ನೋಡಿಕೊಂಡು ವಾಪಸು ಬರುವ ಪ್ರಯಾಣಿಕರಿಗೂ ಈ ಗಾಳಿಗೂ ಒಂದೇ ನಿಯಮ ಅನ್ವಯಿಸುತ್ತದೆ: ಇಬ್ಬರನ್ನೂ ಹೀಯಾಳಿಸತಕ್ಕದ್ದಲ್ಲ.

4. ವಪೆ. ಎದೆಗೂ ಹೊಟ್ಟೆಗೂ ನಡುವಿನ ಈ ಸ್ನಾಯುವು ಕೆಳಗೆ ಸರಿದರೆ ಉಸಿರು ಒಳಬರುತ್ತದೆ. ಇದು ಮೇಲೆ-ಕೆಳಗೆ ಚಲಿಸುವುದರಿಂದ ನೆರೆಯವರ ಜಾಗ ಆಕ್ರಮಿಸುವುದಿಲ್ಲವೆಂದು ನಂಬಿ, ಎಲ್ಲರೂ ವಪೆಯಿಂದಲೇ ಉಸಿರಾಡುವಂತೆ ಈ ಹಿಂದೆ ಆದೇಶಿಸಲಾಗಿತ್ತು. ವಪೆ ಇಳಿದಾಗ ಹೊಟ್ಟೆ ಮುಂದೆ ಬರುತ್ತದೆ ಎಂಬ ದೂರುಗಳು ಬಂದ ಕಾರಣ ಸದರಿ ಆದೇಶವನ್ನು ಹಿಂಪಡೆಯಲಾಗಿದೆ. ಬೆಳಿಗ್ಗೆ ನಾಲ್ಕು ಬನ್ಸ್ ತಿಂದು ಬಂದವರು ಪಕ್ಕೆಲುಬುಗಳನ್ನು ಮಾತ್ರ ಬಳಸತಕ್ಕದ್ದು.

5. ವಿಸ್ತೀರ್ಣ. ಎರಡೂ ಶ್ವಾಸಕೋಶಗಳಲ್ಲಿ ಮೂವತ್ತು ಕೋಟಿಗೂ ಹೆಚ್ಚು ಗಾಳಿಗೂಡುಗಳಿದ್ದು, ಬಿಡಿಸಿ ಹಾಸಿದರೆ ಸುಮಾರು ಎಪ್ಪತ್ತು ಚದರ ಮೀಟರು, ಅಂದರೆ ಏಳುನೂರೈವತ್ತು ಚದರಡಿ ಕಾರ್ಪೆಟ್ ಏರಿಯಾ ಆಗುತ್ತದೆ. ಅರ್ಜಿದಾರರ ಮನೆಯು ಮುನ್ನೂರ ತೊಂಬತ್ತು ಚದರಡಿ. ತಾನು ವಾಸಿಸುವ ಮನೆಗಿಂತ ತನ್ನೊಳಗಿನ ಜಾಗ ದೊಡ್ಡದೆಂಬ ಕಾರಣಕ್ಕೆ ಯಾರೂ ಒಳಗೇ ವಾಸಿಸತಕ್ಕದ್ದಲ್ಲ. ಅರ್ಜಿದಾರರು ಜೂನ್‌ನಿಂದ ಹಾಗೆ ಮಾಡುತ್ತಿದ್ದಾರೆಂದು ಅವರ ಪತ್ನಿ ಶ್ರೀಮತಿ ಪುಷ್ಪಾವತಿ ಅವರು ಮೌಖಿಕವಾಗಿ ದೂರಿರುತ್ತಾರೆ: "ಇವ್ರು ಮನೆಯಲ್ಲೇ ಇದ್ದಾರೆ ಸಾರ್, ಆದ್ರೆ ಮನೆಗೆ ಬರ್ಲೇ ಇಲ್ಲ. ಟಿವಿ ಹಾಕಿದ್ರೆ ಟಿವಿ ನೋಡುದಿಲ್ಲ, ಬಂದ್ ಮಾಡಿದ್ರೆ ಯಾಕೆ ಬಂದ್ ಮಾಡಿದೆ ಅಂತ ಕೇಳುದೂ ಇಲ್ಲ."

6. ಹಾಲೆಗಳು. ಪ್ರತಿ ಪ್ರಯಾಣಿಕರಿಗೆ ಬಲಕ್ಕೆ ಮೂರು, ಎಡಕ್ಕೆ ಎರಡು ಹಾಲೆಗಳನ್ನು ಮಂಜೂರು ಮಾಡಲಾಗಿದೆ. ಎಡಭಾಗದಲ್ಲಿ ಹೃದಯವು ಓರೆಯಾಗಿ ಕೂತಿರುವುದೇ ಈ ತಾರತಮ್ಯಕ್ಕೆ ಕಾರಣ. ಅದನ್ನು ಸರಿಸಲು ಬಂದ ಮನವಿಗಳನ್ನು ತಿರಸ್ಕರಿಸಲಾಗಿದೆ. ಈಗ ಬಲಕ್ಕೆರಡು, ಎಡಕ್ಕೆರಡು ಹೊಂದಿರುವ ಅರ್ಜಿದಾರರು 8.14ರಲ್ಲಿ ಪೂರ್ಣ ಸಮಾನತೆ ಸಾಧಿಸಿದ ಏಕೈಕ ಪ್ರಯಾಣಿಕರಾಗಿದ್ದು, ಅವರನ್ನು ಅಭಿನಂದಿಸಲಾಗಿದೆ.

6(ಅ). ತೆಗೆದ ಹಾಲೆಯ ಖಾಲಿ ಜಾಗವನ್ನು ಗರ್ದಿಯ ಹೊತ್ತಿನಲ್ಲಿ ಸಾರ್ವಜನಿಕರಿಗೆ ಒದಗಿಸುವಂತೆ ಇಲಾಖೆಯು ಅರ್ಜಿದಾರರಿಗೆ ನೋಟಿಸು ನೀಡಿತ್ತು. ಅಂಥ ಜಾಗವೇ ಇಲ್ಲ, ಉಳಿದ ಹಾಲೆಗಳು ಹಿಗ್ಗಿ, ವಪೆ ತುಸು ಮೇಲೇರಿ ಅದನ್ನು ತುಂಬಿಕೊಂಡಿವೆ ಎಂದು ಶಸ್ತ್ರವೈದ್ಯರು ಉತ್ತರಿಸಿರುತ್ತಾರೆ. ನೋಟಿಸನ್ನು ಕೈಬಿಡಲಾಗಿದೆ.

6(ಆ). ಈ ಉತ್ತರದ ಪ್ರತಿಯನ್ನು ಓದಿದ ದಿನ ಅರ್ಜಿದಾರರು ಬಹಳ ಹೊತ್ತು ಕಾಗದ ಮಡಚಲಿಲ್ಲ. ಅಕ್ಟೋಬರಿನ ಒಂದು ಬೆಳಿಗ್ಗೆ, ಹಾಲು ತರುತ್ತೇನೆಂದು ಮನೆಯಲ್ಲಿ ಹೇಳಿ, ಅವರು ಡೊಂಬಿವ್ಲಿಯ ಪ್ಲಾಟ್‌ಫಾರ್ಮಿನ ಕಂಬವೊಂದರ ಹಿಂದೆ ನಿಂತಿದ್ದರು. 8.14 ಬಂತು. ಮಧ್ವರಾಜರು ಕೂಗಿದರು, ಕುಕ್ಕರಿನ ಸದ್ದಾಯಿತು, ಐರೋಲಿಯ ಐಟಿ ಕಂಪೆನಿಯ ಇಪ್ಪತ್ತಾರರ ಅಕ್ಷಿತ್ ಎಂಬವನು ಅದೇ ಬಾಗಿಲಲ್ಲಿ, ಅದೇ ಮೂವತ್ತಮೂರು ಸೆಂಟಿಮೀಟರಿನಲ್ಲಿ ಹತ್ತಿದನು. ಗಾಡಿ ಹೋಯಿತು. ಡಬ್ಬಿಯಲ್ಲಿಯೂ ಖಾಲಿ ಜಾಗವೆಂಬುದು ಉಳಿದಿರಲಿಲ್ಲ. ಹಾಗಾಗುವುದೇ ಸರಿಯೆಂದು ಅವರಿಗೆ ಅನ್ನಿಸಿತು; ಅನ್ನಿಸಿದ ಮೇಲೂ ಅವರು ಹಾಲು ತರದೆ ಮನೆಗೆ ಬಂದರು. ಹಾಲಿನ ವಿಷಯವು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

7. ಶೇಷ ಗಾಳಿ. ಎಷ್ಟೇ ಬಲವಾಗಿ ಉಸಿರು ಬಿಟ್ಟರೂ ಶ್ವಾಸಕೋಶದಲ್ಲಿ ಸುಮಾರು ಒಂದು ಲೀಟರು ಇನ್ನೂರು ಮಿಲಿಲೀಟರು ಗಾಳಿ ಉಳಿದೇ ಇರುತ್ತದೆ. ಜೀವಂತ ಮನುಷ್ಯನು ಇದನ್ನು ತಾನಾಗಿ ಹೊರಹಾಕಲಾರನು. ಪ್ರತಿಯೊಬ್ಬನೂ ತನಗಾಗಿ ಇಟ್ಟುಕೊಳ್ಳಬೇಕಾದ ಗಾಳಿ ಇದೆಂದು ಇಲಾಖೆ ಭಾವಿಸಿದೆ. ಇದನ್ನು ಬೇರೆಯವರ ಅನುಕೂಲಕ್ಕಾಗಿ ಹೊರಬಿಡಲು ಯತ್ನಿಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.

ವಿಚಾರಣೆ

8. ಅರ್ಜಿದಾರರನ್ನು ದಿನಾಂಕ 20-11-2025ರಂದು ಕಚೇರಿಗೆ ಕರೆಸಿಕೊಳ್ಳಲಾಯಿತು. ಡಿಸೆಂಬರಿನಿಂದ ಕೆಲಸಕ್ಕೆ ಹಾಜರಾಗಬೇಕಾದ ಅವರು, ಜಾಗವನ್ನೇಕೆ ಬಿಟ್ಟುಕೊಡುತ್ತೀರಿ ಎಂಬುದಕ್ಕೆ ನೀಡಿದ ಹೇಳಿಕೆ ಯಥಾವತ್ತು ಹೀಗಿದೆ: "ಹನ್ನೊಂದು ಜನ ಉಸ್ರು ಬಿಟ್ರೆ ಒಬ್ಬನಿಗೆ ಜಾಗ ಸಾರ್. ಅದು ಈಗ ಆ ಹುಡುಗನದ್ದು. ಅವ್ನು ಐದು ಎಣಿಸ್ತಾನೆ. ನಂಗೆ ಮೂರಕ್ಕೇ ಎಳ್ಕೊಳ್ಬೇಕಾಗ್ತದೆ. ನಾನು ಎಳ್ಕೊಂಡ್ರೆ ಬಾಗ್ಲಲ್ಲಿ ನಿಂತವ ಹೊರಗೆ. ಯಾರದ್ದೋ ಮಗ ಮಾರಾಯ್ರೆ."

8(ಅ). 7.26ರ ಸ್ಲೋ ಗಾಡಿಯಲ್ಲಿ ಹೋಗಬಹುದಲ್ಲವೇ ಎಂದು ಕೇಳಲಾಗಿ, "ಹೋಗ್ಬಹುದು. ಅದ್ರಲ್ಲಿ ಸ್ವಲ್ಪ ಗಾಳಿಯೂ ಉಂಟು" ಎಂದರು.

8(ಆ). ಹಾಗಿದ್ದರೆ ತೊಂದರೆಯೇನು ಎಂದು ಕೇಳಲಾಗಿ, ಎರಡು ನಿಮಿಷ ಏನೂ ಹೇಳಲಿಲ್ಲ. ಸದರಿ ಮೌನವನ್ನು ಅಡ್ಡಿಪಡಿಸದೆ, ಖಾಲಿ ಹಾಳೆಯೊಂದನ್ನು ಅನುಬಂಧವೆಂದು ಲಗತ್ತಿಸಲಾಗಿದೆ. ಕಡತ ಓದುವ ಅಧಿಕಾರಿಗಳು ಆ ಹಾಳೆಯನ್ನು ಬೇಗ ಮಗುಚತಕ್ಕದ್ದಲ್ಲ.

8(ಇ). ಸಹಪ್ರಯಾಣಿಕರ ಪರವಾಗಿ ಶ್ರೀ ಮಧ್ವರಾಜ ಅವರ ಆಕ್ಷೇಪಣೆ: "ಎಂಥ ಬಿಟ್ಟುಕೊಡುದು? ಜಾಗ ಅವ್ರದ್ದು ಅಲ್ಲವೇ ಅಲ್ಲ, ನಮ್ಮದು. ನಾವು ಉಸ್ರು ಬಿಟ್ಟು ಮಾಡಿದ್ದು. ಕೊಡುದೋ ಬೇಡವೋ ನಾವು ಹೇಳ್ಬೇಕು."

ಸ್ಥಳ ಪರಿಶೀಲನೆ

9. ಇಬ್ಬರಿಗೆ ಜಾಗವಾಗುತ್ತದೆಯೇ ಎಂಬುದನ್ನು ಅಳೆಯಲು ದಿನಾಂಕ 24-11-2025ರ ಸೋಮವಾರ ನಿಗದಿಪಡಿಸಲಾಯಿತು. ಧಾರವಾಡ ಕಡೆಯವರಾದ ನಿರೀಕ್ಷಕ ಶ್ರೀ ಸುನಿಲ ಅವರು ಅಳತೆಪಟ್ಟಿ ಮತ್ತು ಗಡಿಯಾರದೊಂದಿಗೆ ಕಲ್ಯಾಣದಲ್ಲಿಯೇ ಡಬ್ಬಿ ಹತ್ತಿದ್ದರು. ಇಲಾಖೆಗೆ ಸೇರಿದ ಎದೆಯಾದ್ದರಿಂದ ಅವರದನ್ನು ಲೆಕ್ಕಕ್ಕೆ ಸೇರಿಸಿರುವುದಿಲ್ಲ.

9(ಅ). ಅರ್ಜಿದಾರರು ಹತ್ತುವ ಉದ್ದೇಶದಿಂದ ಬಂದಿರಲಿಲ್ಲ; ಅಳತೆ ಸಾಲದೆಂದು ತಿಳಿದಮೇಲೆ ಸಹಿ ಹಾಕಿ ಹೋಗುವುದೆಂದು ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಬಂದಿದ್ದರು. ಊಟದ ಡಬ್ಬಿಯ ಚೀಲ ಬೇಡವೆಂದರೂ ಪುಷ್ಪಾವತಿ ಅವರು ಕೈಗೆ ಕೊಟ್ಟಿದ್ದರು. ಮನೆಗೆ ಹೋಗು ಎಂದರೆ ಹೋಗದೆ ಆಕೆ ಪಾದಚಾರಿ ಸೇತುವೆಯ ಕಂಬಿ ಹಿಡಿದು, ಮೇಲಿನಿಂದ ನೋಡುತ್ತಿದ್ದರು.

9(ಆ). ಗಾಡಿ ನಿಂತಿತು. ಅರ್ಜಿದಾರರು ಅಕ್ಷಿತ್‌ನ ಬೆನ್ನಿಗೆ ಕೈಯಿಟ್ಟು "ನೀನು ಹತ್ತು ಮಗಾ" ಎಂದರು. ಇಲ್ಲೇ ಹುಟ್ಟಿ ಬೆಳೆದ, ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಉತ್ತರಿಸುವ ಅಕ್ಷಿತ್ "ಅಂಕಲ್, ಪೆಹಲೇ ಆಪ್" ಎಂದು ಅವರಿಗೇ ಮೊದಲು ದಾರಿ ಬಿಟ್ಟು ಹಿಂದೆ ಸರಿದನು. ಈ ಮರ್ಯಾದೆಯಲ್ಲಿ ಆರು ಸೆಕೆಂಡು ಕಳೆದವು. 8.14ಕ್ಕೆ ಅಷ್ಟು ಸೆಕೆಂಡುಗಳಿಲ್ಲ. ಮಧ್ವರಾಜರು "ಬಿಡಿ ಉಸ್ರು!" ಎಂದು ಕೂಗಿ, ಸದ್ದು ನಿಂತ ಮೇಲೆ ಮತ್ತೊಮ್ಮೆ, ಹಿಂದೆಂದೂ ಕೂಗದ ರೀತಿಯಲ್ಲಿ, "ಇನ್ನೂ ಬಿಡಿ ಮಾರಾಯ್ರೆ, ಇಬ್ರು ಇದ್ದಾರೆ!" ಎಂದರು.

9(ಇ). ಇಬ್ಬರೂ ಹತ್ತಿದರು. ಅಕ್ಷಿತ್ ಹೊರಗಿನ ಕಂಬ ಹಿಡಿದು ಅರ್ಜಿದಾರರ ಬೆನ್ನ ಹಿಂದೆ ನಿಂತನು. ಅರ್ಜಿದಾರರು ಒಂದು, ಎರಡು, ಮೂರು ಎಣಿಸಿದರು. ಮೂರಕ್ಕೆ ಅವರ ಎದೆ ಹೇಳಿದ ಮಾತು ಕೇಳಲಿಲ್ಲ; ಉಸಿರು ಒಳಕ್ಕೆ ಬಂತು. ಕಣ್ಣು ಮುಚ್ಚಿಕೊಂಡು, ಹಿಂದಿನವನು ಕೈಬಿಡುವುದನ್ನು ಅವರು ಕಾದರು. ಯಾರೂ ಅಲುಗಲಿಲ್ಲ. ಅವರ ಎದೆಗೆ ಬೇಕಾದಷ್ಟು ಜಾಗ ಅಲ್ಲಿತ್ತು. ಇನ್ನೊಮ್ಮೆ ಎಳೆದುಕೊಂಡರು, ಆಗಲೂ ಇತ್ತು. ಐದು ಎಂದೋ ಮುಗಿದಿತ್ತು, ಗಾಡಿ ಕುಲುಕಿ ಕುಲುಕಿ ಮುಂದಿನ ಕೋಪರ್ ನಿಲ್ದಾಣ ದಾಟಿತ್ತು, ಆದರೆ ಡಬ್ಬಿಯ ಆ ಮೂಲೆಯಲ್ಲಿ ಒಬ್ಬರದೇ ಉಸಿರಿನ ಸದ್ದು ಕೇಳುತ್ತಿತ್ತು. ಅದು ತಮ್ಮದೆಂದು ತಿಳಿಯಲು ಅರ್ಜಿದಾರರಿಗೆ ಸ್ವಲ್ಪ ಹೊತ್ತು ಹಿಡಿಯಿತು.

9(ಈ). ವರದಿಯು "ಮೂರು" ಎಂಬಲ್ಲಿಗೆ ನಿಂತಿದೆ. ಮುಂದೆ ಏಕೆ ಎಣಿಸಿಲ್ಲವೆಂದು ನಿರೀಕ್ಷಕರಿಂದ ವಿವರಣೆ ಕೇಳಲಾಗಿ, "ನಾ ಉಸುರು ತಗೊಂಡಿದ್ರ ಅವರಿಗೆ ಜಾಗಾ ಎಲ್ಲಿರತಿತ್ರಿ ಸಾಹೇಬ್ರ?" ಎಂದು ಮರುಪ್ರಶ್ನೆ ಹಾಕಿರುತ್ತಾರೆ. ಅವರ ಮೇಲೆ ಶಿಸ್ತುಕ್ರಮ ಕೈಗೊಳ್ಳುವ ಕಡತವು ಚಾಲನೆಯಲ್ಲಿದ್ದು, ಅದು ನಿಧಾನವಾಗಿ ಚಲಿಸುವಂತೆ ನೋಡಿಕೊಳ್ಳಲಾಗಿದೆ.

ಆದೇಶ

10. ಇಬ್ಬರು ಹತ್ತಲು ಅರವತ್ತಾರು ಸೆಂಟಿಮೀಟರು ಬೇಕು, ಇದ್ದದ್ದು ಮೂವತ್ತಮೂರು. ಉಳಿದದ್ದು ಎಲ್ಲಿಂದ ಬಂತೆಂದು ಇಲಾಖೆಯು ಒಂದು ವಾರ ಪರಿಶೀಲಿಸಿದೆ. ಹನ್ನೊಂದು ಮಂದಿಯೂ ಷರತ್ತು 7ರಲ್ಲಿ ನಿಷೇಧಿಸಿದ, ಮನುಷ್ಯನಿಂದ ಹೊರಬಿಡಲು ಸಾಧ್ಯವೇ ಇಲ್ಲದ ಶೇಷ ಗಾಳಿಯನ್ನೂ ಹೊರಬಿಟ್ಟಿದ್ದಾರೆ ಎಂಬುದರ ಹೊರತು ಬೇರೆ ವಿವರಣೆ ದೊರೆತಿರುವುದಿಲ್ಲ. ಇದು ನಿಯಮಕ್ಕೂ ಶರೀರಶಾಸ್ತ್ರಕ್ಕೂ ವಿರುದ್ಧವಾಗಿದೆ. ಅಸಾಧ್ಯವಾದ ಅಪರಾಧಕ್ಕೆ ದಂಡನೆಯ ಅವಕಾಶ ನಿಯಮಾವಳಿಯಲ್ಲಿ ಇಲ್ಲದ್ದರಿಂದ, ಹನ್ನೊಂದು ಮಂದಿಗೂ ಎಚ್ಚರಿಕೆ ನೀಡಿ ಬಿಡಲಾಗಿದೆ.

11. ಅರ್ಜಿದಾರರ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಬಿಟ್ಟುಕೊಡಲು ಆ ಜಾಗವು ಅವರದಲ್ಲ ಎಂಬ ಆಕ್ಷೇಪಣೆಯನ್ನು ಎತ್ತಿಹಿಡಿಯಲಾಗಿದೆ.

ಸಹಿ/-
(ಓದಲಾಗದು)
ಅಧೀನ ಕಾರ್ಯದರ್ಶಿ, ಒಳ ಮತ್ತು ಹೊರ ಉಸಿರು

ಪ್ರತಿಗಳು:
1. ಶ್ರೀ ಮಧ್ವರಾಜ, ಕಲ್ಯಾಣ: ಎಚ್ಚರಿಕೆಗಾಗಿ. ಷರತ್ತು 2ನ್ನು ಈಗ ಓದತಕ್ಕದ್ದು.
2. ಶ್ರೀ ಅಕ್ಷಿತ್, ಡೊಂಬಿವ್ಲಿ: ಹಿಂದಿ ಅನುವಾದ ಕೋರಿದ್ದು, ಅಗತ್ಯವಿಲ್ಲವೆಂದು ಕಂಡುಬಂದಿದೆ.
3. ಶ್ರೀ ಸುನಿಲ, ಶ್ವಾಸ ನಿರೀಕ್ಷಕರು: ಅಳತೆಪಟ್ಟಿ ಹಿಂದಿರುಗಿಸಲು.
4. ಶ್ರೀ ಜಯಶೀಲ, ಡೊಂಬಿವ್ಲಿ ಪೂರ್ವ: ನಾಳೆ 8.14ಕ್ಕೆ ಹಾಜರಾಗಲು.
5. ಶ್ರೀಮತಿ ಪುಷ್ಪಾವತಿ, ಪಾದಚಾರಿ ಸೇತುವೆ, ಡೊಂಬಿವ್ಲಿ: ಗಾಡಿ ಹೋಗಿದೆ, ಅವರು ಒಳಗಿದ್ದಾರೆ. ಜೂನ್ ತಿಂಗಳಿನಿಂದ ಹಿಡಿದಿಟ್ಟಿರುವ ಉಸಿರನ್ನು ಇನ್ನು ಬಿಡಬಹುದು.