ಮೋಡವಿದ್ದರೆ ಕೂಗದ ಹಕ್ಕಿ

ಬೆಳಗಿನ ನಡಿಗೆಗೆ ಹೊರಡುವ ಮುನ್ನ ನಾನು ಬಾಲ್ಕನಿಯ ಮೂಲೆಯ ಕಂಬಿಗೆ ನನ್ನ ರೆಕಾರ್ಡರನ್ನು ಬಿಗಿಯುತ್ತಿದ್ದೆ. ಹೆಂಡತಿ ಒದ್ದೆ ಬಟ್ಟೆಯ ಬಕೆಟ್ಟನ್ನು ಸೊಂಟಕ್ಕೆ ಆನಿಸಿಕೊಂಡು ಹಿಂದೆ ನಿಂತಿದ್ದಳು.

"ಹೇಗೂ ಅಲ್ಲೇ ನಿಂತಿದೀರಲ್ಲ, ಆ ರಾಟೆಗೆ ಎರಡು ಹನಿ ಎಣ್ಣೆ ಬಿಡಿ" ಎಂದಳು.

"ಸಂಜೆ ಬಿಡ್ತೀನಿ" ಎಂದೆ.

ಈ ಸಂಭಾಷಣೆ ನಮ್ಮ ಮನೆಗೆ ಹೊಸದಲ್ಲ. ನಮ್ಮದು ಮೂರನೆಯ ಮಹಡಿ. ಬಾಲ್ಕನಿಯಿಂದ ಎದುರುಗೋಡೆಯವರೆಗೆ ಬಟ್ಟೆ ಒಣಹಾಕುವ ಹಗ್ಗ ಹೋಗುತ್ತದೆ. ಎರಡೂ ತುದಿಗೆ ಒಂದೊಂದು ಕಬ್ಬಿಣದ ರಾಟೆ. ಬಟ್ಟೆಗೆ ಕ್ಲಿಪ್ಪು ಹಾಕಿ ಹಗ್ಗ ಎಳೆದರೆ ಅದು ಮುಂದಕ್ಕೆ ಸಾಗುತ್ತದೆ, ಮುಂದಿನ ಬಟ್ಟೆಗೆ ಜಾಗವಾಗುತ್ತದೆ. ಈ ಕಡೆಯ ರಾಟೆ ವಿಪರೀತ ಸದ್ದು ಮಾಡುತ್ತದೆ ಎಂಬುದು ಹೆಂಡತಿಯ ದೂರು. ಆ ದೂರನ್ನು ನಾನು ಬಹಳ ಸಲ ಕೇಳಿದ್ದೆ. ಸದ್ದನ್ನು ಕೇಳಿರಲಿಲ್ಲ. ಅವಳು ಬಟ್ಟೆ ಹರವುವ ಹೊತ್ತಿಗೆ ನಾನು ನಡಿಗೆಯಲ್ಲಿರುತ್ತೇನೆ. ಭಾನುವಾರವಾದರೆ ಹೆಡ್‌ಫೋನಿನೊಳಗೆ ಇರುತ್ತೇನೆ.

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಈ ಗಾಜಿನಲ್ಲಿ ಚೆನ್ನಾಗಿ ಕಾಣುತ್ತದೆಯೋ ಆ ಗಾಜಿನಲ್ಲೋ ಎಂದು ದಿನವಿಡೀ ಊರಿನವರನ್ನೆಲ್ಲ ಕೇಳುತ್ತೇನೆ. ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಕಣ್ಣು ಮುಚ್ಚಿಕೊಂಡು ಮಾಡಬಹುದಾದ ಹವ್ಯಾಸವೊಂದು ನನಗೆ ಹಿಡಿಸಿದ್ದು ಬಹುಶಃ ಅದಕ್ಕೇ. ಹಕ್ಕಿಗಳ ದನಿಯನ್ನು ಮುದ್ರಿಸಿಕೊಳ್ಳುವುದು, ಮನೆಗೆ ತಂದು ಕೇಳುವುದು, ಮತ್ತೆ ಕೇಳುವುದು. ಇದಕ್ಕಾಗಿ ಅಂಗೈಯಗಲದ ರೆಕಾರ್ಡರೊಂದನ್ನು ಕೊಂಡಿದ್ದೇನೆ. ಗಾಳಿಯ ಸದ್ದು ತಡೆಯಲು ಅದಕ್ಕೊಂದು ತುಪ್ಪಳದ ಟೋಪಿಯಿದೆ. (ಹೆಂಡತಿ ಮೊದಲ ದಿನ ಅದನ್ನು ಕತ್ತಲೆಯಲ್ಲಿ ಮುಟ್ಟಿ, ಇಲಿ ಎಂದು ಪೊರಕೆ ತಂದಿದ್ದಳು. ಅಂದಿನಿಂದ ಅದರ ಹೆಸರು ಇಲಿಮರಿ.) ಇರುವೆ ನಡೆದರೂ ಕೇಳಿಸಿಕೊಳ್ಳುತ್ತದೆ ಎಂದು ಮಾರುವವನು ಹೇಳಿದ್ದ. ಮನುಷ್ಯರು ಹೇಳಿದ್ದನ್ನು ಕೇಳಿಸಿಕೊಳ್ಳುವ ಒಂದು ಯಂತ್ರ ತಂದು ನನ್ನ ಕಿವಿಗೆ ಕಟ್ಟಬೇಕೆಂದು ಹೆಂಡತಿ ಆಗಲೇ ಹೇಳಿದ್ದಳು.

ನಮ್ಮ ಊರಿನಲ್ಲಿ ಈ ಹುಚ್ಚಿರುವವರ ಒಂದು ಬಳಗವಿದೆ. ಅಧ್ಯಕ್ಷರು ನಿವೃತ್ತ ದಂತವೈದ್ಯರು. ಬಳಗದ ಸಂಗ್ರಹದಲ್ಲಿ ಇಲ್ಲದ ದನಿಯೊಂದನ್ನು ತಂದುಕೊಟ್ಟವರು ಮಾತ್ರ ಪೂರ್ಣ ಸದಸ್ಯರಾಗುತ್ತಾರೆ. ಅಲ್ಲಿಯವರೆಗೆ ಅವರು ಅಭ್ಯರ್ಥಿ ಸದಸ್ಯರು. ಅಭ್ಯರ್ಥಿ ಸದಸ್ಯರ ಹಕ್ಕುಬಾಧ್ಯತೆಗಳೆಂದರೆ, ಸಭೆಗೆ ಮೊದಲು ಕುರ್ಚಿ ಹಾಕುವುದು ಮತ್ತು ಸಭೆಯ ನಂತರ ಕುರ್ಚಿ ತೆಗೆಯುವುದು. ಬಳಗದಲ್ಲಿ ಸದ್ಯಕ್ಕೆ ಅಭ್ಯರ್ಥಿ ಎಂದು ಇದ್ದವನು ನಾನೊಬ್ಬನೇ. ನನ್ನ ನಂತರ ಸೇರಿದ ಚಪ್ಪಲಿ ಅಂಗಡಿಯವರು ಮರಕುಟಿಗವೊಂದರ ವಿಚಿತ್ರ ಸದ್ದು ತಂದು ಒಂದೇ ತಿಂಗಳಲ್ಲಿ ಪೂರ್ಣರಾಗಿ, ನಾನು ಹಾಕಿದ ಕುರ್ಚಿಯ ಮೇಲೆ ಕೂತಿದ್ದರು.

ಹೀಗಿರುವಾಗ ನಮ್ಮ ಬಾಲ್ಕನಿಗೆ ಆ ಹಕ್ಕಿ ಬಂತು.

ಅಂಗಡಿಯಲ್ಲಿ ಊಟದ ವಿರಾಮದಲ್ಲಿ ಬೆಳಗಿನ ಮುದ್ರಣ ಕೇಳುತ್ತಿದ್ದೆ. ಮೊದಲು ಉದ್ದನೆಯ ಮೌನ. ಆಮೇಲೆ ಇದ್ದಕ್ಕಿದ್ದಂತೆ, ಕಿವಿಯ ಪಕ್ಕದಲ್ಲೇ ಎಂಬಷ್ಟು ಹತ್ತಿರದಲ್ಲಿ, ಏರುವ ಒಂದು ಸ್ವರ, ಇಳಿಯುವ ಒಂದು ಸ್ವರ: ಕುವೀ... ಕೀ. ಆಮೇಲೆ ಕೊಕ್ಕು ಮುಚ್ಚಿದಂತೆ ಒಂದು ಟಕ್. ಮತ್ತೆ ಕುವೀ... ಕೀ. ಮತ್ತೆ ಟಕ್. ಮೊಬೈಲಿನ ಹಕ್ಕಿ ಗುರುತಿಸುವ ಆ್ಯಪಿಗೆ ಕೇಳಿಸಿದೆ. ಅದು ಬಹಳ ಹೊತ್ತು ತಿರುಗಿ, ಇಂಥದು ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಿತು. ನಮ್ಮ ಮಿಕ್ಸಿಯ ಸದ್ದನ್ನು ಗೂಬೆ ಎಂದು ಧೈರ್ಯವಾಗಿ ಹೇಳಿದ್ದ ಆ್ಯಪು ಅದು. ಅದಕ್ಕೂ ಗೊತ್ತಿಲ್ಲ ಎಂದರೆ ಸಾಮಾನ್ಯ ಹಕ್ಕಿಯಲ್ಲ ಎಂದು ತೀರ್ಮಾನಿಸಿದೆ.

ಮನೆಗೆ ಬಂದು ಹೆಂಡತಿಗೂ ಹೆಡ್‌ಫೋನ್ ಹಾಕಿದೆ. ಮೊದಲಿನ ಉದ್ದನೆಯ ಮೌನದಲ್ಲೇ ಅವಳು, ಇದರಲ್ಲಿ ಏನೂ ಇಲ್ಲ, ಒಲೆ ಮೇಲೆ ಹಾಲಿದೆ ಎಂದು ಎದ್ದು ಹೋದಳು. ಬೆಳಿಗ್ಗೆ ಬಾಲ್ಕನಿಯಲ್ಲಿ ಹೊಸ ಹಕ್ಕಿ ಏನಾದರೂ ಕಂಡಿತೇ ಎಂದು ಕೇಳಿದೆ. ತನಗೆ ಅಲ್ಲಿ ಕಾಣುವುದು ನನ್ನ ಬನಿಯನ್ನುಗಳು ಮಾತ್ರ ಎಂದಳು.

ಅಧ್ಯಕ್ಷರು ಆ ದನಿಯನ್ನು ಕಣ್ಣು ಮುಚ್ಚಿ ಕೇಳಿದರು. ಮರುದಿನದ್ದನ್ನೂ ಕಳಿಸಿ ಎಂದರು. ಎಷ್ಟೋ ಕಾಲದ ಮೇಲೆ ಒಬ್ಬರು ನನ್ನನ್ನು ಏನನ್ನೋ ಕೇಳಿದ್ದರು. ನಾನು ದಿನವೂ ಕಳಿಸಿದೆ, ಜೊತೆಗೆ ನನ್ನ ಅವಲೋಕನಗಳನ್ನೂ. ಮೋಡ ಕವಿದ ದಿನ ಹಕ್ಕಿ ಕೂಗುವುದಿಲ್ಲ. ಭಾನುವಾರ ದುಪ್ಪಟ್ಟು ಹೊತ್ತು ಕೂಗುತ್ತದೆ. ಹಿನ್ನೆಲೆಯಲ್ಲಿ ನನ್ನ ಹೆಂಡತಿ ಏನೋ ಗುನುಗುತ್ತಿದ್ದರೂ ಹಕ್ಕಿ ಅಂಜುವುದಿಲ್ಲ. (ಅವಳಿಗೆ ಅಂಜದ ಜೀವಿಯೊಂದು ನಮ್ಮ ಮನೆಯ ಸರಹದ್ದಿನಲ್ಲೇ ಇದೆ ಎಂಬುದು ನನಗೆ ವೈಯಕ್ತಿಕವಾಗಿ ಧೈರ್ಯ ಕೊಟ್ಟ ಸಂಗತಿ.)

ಅಧ್ಯಕ್ಷರು ಎಲ್ಲಕ್ಕೂ ಅರ್ಥ ಹೇಳಿದರು. ಬಿಸಿಲಿದ್ದರೆ ಮಾತ್ರ ಕೂಗುವುದರಿಂದ ಇದು ಸೂರ್ಯಾವಲಂಬಿ. ಭಾನುವಾರ ವಾಹನಗಳ ಸದ್ದು ಕಡಿಮೆ, ಆದ್ದರಿಂದ ಹಕ್ಕಿಗೆ ಉತ್ಸಾಹ ಹೆಚ್ಚು. ನಡುವೆ ಹೆಂಡತಿ ಅವಳ ಅಕ್ಕನ ಮನೆಗೆ ಹೋಗಿದ್ದ ಕೆಲವು ದಿನ ಹಕ್ಕಿ ಕೂಗಲೇ ಇಲ್ಲ. ಅದನ್ನು ಅವರು ಅಲ್ಪಾವಧಿ ವಲಸೆ ಎಂದರು. ಹೆಂಡತಿ ತನ್ನ ತಾಯಿಯನ್ನೂ ಕರೆದುಕೊಂಡು ವಾಪಸು ಬಂದಳು. ಅತ್ತೆ ಇದ್ದ ವಾರವಿಡೀ ದನಿ ಎರಡು ಪಟ್ಟಾಯಿತು. ಅದನ್ನು ಕೇಳಿದ ಕೂಡಲೇ ಅಧ್ಯಕ್ಷರು ಫೋನ್ ಮಾಡಿದರು.

"ಜೋಡಿ ಸಿಕ್ಕಿದೆ ಕಣ್ರೀ ಅದಕ್ಕೆ" ಎಂದರು.

ಅದಕ್ಕೆ ಅವರು ಇಟ್ಟ ತಾತ್ಕಾಲಿಕ ಹೆಸರು ಆತಪಪ್ರಿಯ ದ್ವಿಸ್ವರಿ, ಎಂದರೆ ಬಿಸಿಲು ಮೆಚ್ಚುವ ಎರಡು ಸ್ವರದ್ದು. ಬಳಗದ ವಾರ್ಷಿಕ ಶ್ರವಣ ಸಂಜೆಯ ಆಮಂತ್ರಣದಲ್ಲಿ ಆ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರು. ಕೆಳಗೆ ಸಣ್ಣಕ್ಷರದಲ್ಲಿ ನನ್ನ ಹೆಸರಿತ್ತು. ನಾನು ಪೂರ್ಣ ಸದಸ್ಯನಾಗುವುದಕ್ಕೆ ಬಾಕಿ ಉಳಿದದ್ದು ಒಂದೇ ಶಾಸ್ತ್ರ: ಮೂವರು ಪೂರ್ಣ ಸದಸ್ಯರು ಸ್ಥಳಕ್ಕೆ ಬಂದು, ಸ್ವಂತ ಕಿವಿಯಿಂದ ಕೇಳಿ, ಹೌದು ಎನ್ನಬೇಕು. ಭಾನುವಾರ ಬೆಳಿಗ್ಗೆ ಬರುತ್ತೇವೆಂದರು.

ಶನಿವಾರ ನಾನು ಮನೆಯಲ್ಲಿ ನಿಷೇಧಾಜ್ಞೆ ಹೊರಡಿಸಿದೆ. ಮಿಕ್ಸಿ ಇಲ್ಲ, ಟಿವಿ ಇಲ್ಲ, ನಲ್ಲಿ ಜೋರಾಗಿ ಬಿಡುವಂತಿಲ್ಲ, ಮುಖ್ಯವಾಗಿ ಬಾಲ್ಕನಿಗೆ ಯಾರೂ ಕಾಲಿಡುವಂತಿಲ್ಲ.

"ಬಟ್ಟೆ?" ಎಂದಳು ಹೆಂಡತಿ.

"ಬಟ್ಟೆ ಆಮೇಲೆ."

"ಆಮೇಲೆ ಅಂದ್ರೆ ಯಾವಾಗ? ನಾಳೆ ಹಾಸಿಗೆ ಹೊದಿಕೆ ಎಲ್ಲ ಇದೆ."

"ಹಕ್ಕಿ ಕೂಗಿದ ಮೇಲೆ ಹರವು. ಅಲ್ಲೀವರೆಗೆ ಮುಟ್ಟಬೇಡ."

ಅವಳು ಒಪ್ಪಿದಳು. ಅವಳು ಅಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಆಶ್ಚರ್ಯವಾಯಿತು. ಆಮಂತ್ರಣದಲ್ಲಿದ್ದ ನನ್ನ ಹೆಸರನ್ನು ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ದಳೆಂದು ಆಮೇಲೆ ತಿಳಿಯಿತು.

ಭಾನುವಾರ ಬೆಳಿಗ್ಗೆ ಅಧ್ಯಕ್ಷರು, ಚಪ್ಪಲಿ ಅಂಗಡಿಯವರು ಮತ್ತು ಸಂಗೀತದ ಟೀಚರ್ ಬಂದರು. ಮೂವರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪರೀಕ್ಷೆಯ ಕೊಠಡಿಗೆ ಬಂದವರಂತೆ ಸದ್ದಿಲ್ಲದೆ ಒಳಗೆ ಬಂದರು. ಮುಂದಿನ ಕೋಣೆಯ ಬಾಲ್ಕನಿ ಬಾಗಿಲಿಗೆ ಪರದೆ ಎಳೆದಿದ್ದೆ, ಹಕ್ಕಿ ಹೆದರಬಾರದೆಂದು. ಕಂಬಿಯ ಮೇಲೆ ಇಲಿಮರಿ, ಅದರಿಂದ ಒಳಗೆ ಬಂದ ತಂತಿ, ತಂತಿಗೆ ನಾಲ್ಕು ಹೆಡ್‌ಫೋನು. ಬಿಸಿಲು ಚೊಕ್ಕವಾಗಿತ್ತು. ಅಧ್ಯಕ್ಷರು ಆಕಾಶ ನೋಡಿ, ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ ಎಂದು ಪಿಸುಗುಟ್ಟಿದರು.

ನಾವು ಕಾದೆವು. ಹಕ್ಕಿ ಕೂಗಲಿಲ್ಲ.

ಬಿಸಿಲು ಪರದೆಯ ಅಡಿಯಿಂದ ನುಸುಳಿ ನೆಲಕ್ಕಿಳಿಯಿತು, ನೆಲದಿಂದ ಚಪ್ಪಲಿ ಅಂಗಡಿಯವರ ಕಾಲ್ಬೆರಳಿಗೆ ಬಂತು. ಅವರಿಗೆ ತೂಕಡಿಕೆ ಬಂದು ಗಲ್ಲ ಎದೆಗೆ ತಾಗಿತು. ಸಂಗೀತದ ಟೀಚರ್ ಒಮ್ಮೆ ಕೈಯೆತ್ತಿದರು, ಆಮೇಲೆ ಅದು ತಮ್ಮ ಹೊಟ್ಟೆಯ ಸದ್ದೆಂದು ತಿಳಿದು ಇಳಿಸಿದರು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತು ಬಕೆಟ್ಟನ್ನು ಎತ್ತಿ ತೋರಿಸಿದಳು. ನಾನು ಇನ್ನೂ ಇಲ್ಲ ಎಂದು ತಲೆಯಾಡಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದು, ಬಟ್ಟೆ ಮುಗ್ಗಲು ಹಿಡಿಯುತ್ತಿದೆ ಎಂಬುದಕ್ಕೆ ಮೂಗು ಹಿಡಿದು ತೋರಿಸಿದಳು. ನಾನು ಮತ್ತೆ ತಲೆಯಾಡಿಸಿದೆ. ಹಕ್ಕಿ ಕೂಗದೆ ಬಟ್ಟೆ ಇಲ್ಲ ಎಂಬುದು ನನ್ನದೇ ಆಜ್ಞೆಯಾಗಿತ್ತು. ಬಟ್ಟೆ ಇಲ್ಲದೆ ಹಕ್ಕಿ ಕೂಗುವುದಿಲ್ಲ ಎಂಬುದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಅಧ್ಯಕ್ಷರು ಹೆಡ್‌ಫೋನ್ ತೆಗೆದರು. ಹಲ್ಲುನೋವೆಂದು ಬಂದು, ಕುರ್ಚಿಯಲ್ಲಿ ಕೂತ ಕೂಡಲೇ ನೋವಿಲ್ಲ ಎನ್ನುವ ರೋಗಿಯನ್ನು ನೋಡುವಂತೆ ನನ್ನನ್ನು ನೋಡಿದರು.

"ಬೇಜಾರು ಮಾಡ್ಕೋಬೇಡಿ. ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ" ಎಂದರು.

ನಾನು ಟೀ ತರುತ್ತೇನೆಂದು ಅಡುಗೆಮನೆಗೆ ಹೋದೆ. ಮುಂದಿನ ವರ್ಷವೂ ಹಾಕಬೇಕಾದ ಕುರ್ಚಿಗಳು ಕಣ್ಣ ಮುಂದಿದ್ದವು. ಹೆಂಡತಿ ನನ್ನ ಮುಖ ನೋಡಿದಳು. ಸಮಾಧಾನ ಹೇಳುವ ಅಭ್ಯಾಸ ಅವಳಿಗಿಲ್ಲ.

"ಟೀ ನಾನು ತರ್ತೀನಿ, ನೀವು ಹೋಗಿ ಅವರ ಜೊತೆ ಕೂತ್ಕೊಳ್ಳಿ. ನೀರು ಕುದಿಯೋದ್ರೊಳಗೆ ಬಟ್ಟೆ ಹಾಕ್ಲಾ?"

"ಹಾಕು. ಇನ್ನೇನಿದೆ."

ಅವಳು ಅಡುಗೆಮನೆಯ ಕಡೆಯ ಬಾಗಿಲಿನಿಂದ ಬಾಲ್ಕನಿಗೆ ಹೋದಳು. ನಾನು ಮುಂದಿನ ಕೋಣೆಗೆ ಬಂದೆ. ಸಂಗೀತದ ಟೀಚರ್ ಮಾತ್ರ ಇನ್ನೂ ಹೆಡ್‌ಫೋನ್ ತೆಗೆದಿರಲಿಲ್ಲ. ಅವರ ಬೆರಳು ನಿಧಾನವಾಗಿ ಮೇಲಕ್ಕೆದ್ದಿತು. ಅಧ್ಯಕ್ಷರು ಹೆಡ್‌ಫೋನಿಗೆ ಕೈ ಹಾಕಿದರು. ಚಪ್ಪಲಿ ಅಂಗಡಿಯವರು ಎಚ್ಚೆತ್ತು ತಮ್ಮದನ್ನು ತಲೆಕೆಳಗಾಗಿ ಹಾಕಿಕೊಂಡರು.

ಕುವೀ... ಕೀ. ಟಕ್.

ಅಧ್ಯಕ್ಷರ ಕಣ್ಣು ತೇವವಾಯಿತು. ಇಷ್ಟು ಹತ್ತಿರ, ಇಷ್ಟು ನಿರ್ಭಯ ಎಂದು ತುಟಿಯಲ್ಲೇ ಹೇಳಿದರು. ನನ್ನ ಭುಜ ಹಿಡಿದು ಅಮುಕಿದರು. ಆಮೇಲೆ, ಪರದೆಯನ್ನು ಒಂದು ಬೆರಳಷ್ಟು ಸರಿಸುವಂತೆ ಸನ್ನೆ ಮಾಡಿದರು. ನಾಲ್ವರೂ ಒಬ್ಬರ ತಲೆಯ ಮೇಲೊಬ್ಬರು ತಲೆಯಿಟ್ಟು ಆ ಸಂದಿಗೆ ಕಣ್ಣು ಹಚ್ಚಿದೆವು.

ಒಂದು ದಿಂಬಿನ ಚೀಲ ಎದುರುಗೋಡೆಯ ಕಡೆಗೆ ಹೋಯಿತು. ಕುವೀ... ಕೀ. ಒಂದು ಟವೆಲು ಹೋಯಿತು. ಕುವೀ... ಕೀ. ಬೆನ್ನಿನಲ್ಲಿ ತೂತಿರುವ ನನ್ನ ಬನಿಯನ್ನು ಹೋಯಿತು. ಸಂಗೀತದ ಟೀಚರ್ ಮಾತ್ರ ಸಂದಿಗೆ ಮುಖವಿಟ್ಟೂ ಕಣ್ಣು ಮುಚ್ಚಿಯೇ ಇದ್ದರು. ಈಗ ಒಂದು ದೀರ್ಘಸ್ವರ ಬಂತು ಎಂದು ಮೆಲ್ಲಗೆ ತಿಳಿಸಿದರು. ಅದು ಡಬಲ್ ಬೆಡ್‌ಶೀಟು.

ಹೆಂಡತಿಗೆ ಪರದೆಯ ಸಂದಿಯಲ್ಲಿ ಸಾಲಾಗಿ ನಾಲ್ಕು ಮುಖ ಕಂಡವು. ಕ್ಲಿಪ್ಪು ಹಿಡಿದ ಕೈ ಹಾಗೇ ನಿಂತಿತು.

"ಅಯ್ಯೋ, ಹಕ್ಕಿ ಬಂದಿತ್ತಾ? ನಾನೇ ಓಡಿಸ್ಬಿಟ್ನಾ?" ಎಂದಳು. "ಎಲ್ಲಾ ಈ ಹಾಳು ರಾಟೆ. ಎಣ್ಣೆ ಬಿಡಿ ಅಂತ ಇವರಿಗೆ ಹೇಳಿ ಹೇಳಿ ನನಗೆ ಸಾಕಾಯ್ತು ಸಾರ್."

ಟೀ ಬಂತು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೆಂಡತಿಗೆ ವಿಷಯವನ್ನು ನಾನೇ ಹೇಳಬೇಕಾಯಿತು. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಟ್ರೇ ಮಡಿಲಲ್ಲಿಟ್ಟುಕೊಂಡು, ಅಧ್ಯಕ್ಷರು ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟಳು. ಮೋಡವಿದ್ದರೆ ಬಟ್ಟೆ ಒಣಗುವುದಿಲ್ಲ, ಹಾಗಾಗಿ ಹರವುವುದಿಲ್ಲ. ಭಾನುವಾರ ಹಾಸಿಗೆ ಬಟ್ಟೆ ಸೇರುತ್ತದೆ. ವಲಸೆ ಎಂದರೆ ಅಕ್ಕನ ಮನೆ.

ಅಧ್ಯಕ್ಷರು ಲೋಟ ಕೆಳಗಿಟ್ಟರು. "ಮತ್ತೆ ಆ ಜೋಡಿ, ಅಮ್ಮಾ?" ಎಂದರು. ಅವರ ದನಿಯಲ್ಲಿ ಇನ್ನೂ ಎಳೆಯಷ್ಟು ಆಸೆಯಿತ್ತು.

"ಅದು ನಮ್ಮಮ್ಮ ಸಾರ್. ಅವರ ಸೀರೆನೂ ಸೇರ್ತಿತ್ತಲ್ಲ."

ಆಮೇಲೆ ಚಪ್ಪಲಿ ಅಂಗಡಿಯವರು ಗಂಟಲು ಸರಿಮಾಡಿಕೊಂಡರು. ತಮ್ಮ ಮರಕುಟಿಗವನ್ನು ಅಂಗಡಿಯ ಷಟರಿನ ಪಕ್ಕದಲ್ಲೇ ಮುದ್ರಿಸಿದ್ದು ಎಂದು, ಯಾರೂ ಕೇಳದಿದ್ದರೂ ಹೇಳಿದರು. ಅದು ದಿನಾ ಅಂಗಡಿ ತೆರೆಯುವ ಹೊತ್ತಿಗೇ ಬರುತ್ತಿತ್ತಂತೆ. ಸಂಗೀತದ ಟೀಚರಿಗೆ ತಮ್ಮ ಮನೆಯ ಗೇಟು ನೆನಪಾಯಿತು. ಅಧ್ಯಕ್ಷರು ತಲೆ ತಗ್ಗಿಸಿ ಲೋಟ ನೋಡುತ್ತ ಕೂತರು. ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ ಗೂಬೆಯ ದನಿ ಅವರ ಕ್ಲಿನಿಕ್ಕಿನ ಹಿಂದಿನ ಕಿಟಕಿಯಲ್ಲಿ ಸಿಕ್ಕಿದ್ದು ಎಂಬುದು ಬಳಗದಲ್ಲಿ ಎಲ್ಲರಿಗೂ ಗೊತ್ತು.

"ಇದಕ್ಕೆ ಇಷ್ಟು ಯೋಚನೆ ಯಾಕೆ? ಮೊದಲು ಎಲ್ಲರ ಮನೆಗೂ ಎಣ್ಣೆ ಬಿಡ್ಸಿ. ಆಮೇಲೂ ಕೂಗಿದ್ರೆ ಅದು ಹಕ್ಕಿ" ಎಂದಳು ಹೆಂಡತಿ.

ಅಧ್ಯಕ್ಷರು ತಲೆ ಎತ್ತಿದರು. ಇದು ವಿಜ್ಞಾನಕ್ಕೆ ಒಪ್ಪುವ ಮಾತು ಎಂದರು. ಎರಡನೆಯ ಟೀ ಮುಗಿಯುವಷ್ಟರಲ್ಲಿ ನಿರ್ಣಯವಾಯಿತು. ಬಳಗದ ಪ್ರತಿ ಸದಸ್ಯರ ಮನೆ, ಅಂಗಡಿ, ಗೇಟು, ಕಿಟಕಿಗಳಿಗೆ ಎಣ್ಣೆ ಬಿಟ್ಟು, ಸಂಗ್ರಹದ ಎಲ್ಲ ದನಿಗಳನ್ನು ಹೊಸದಾಗಿ ಪರೀಕ್ಷಿಸಬೇಕು. ಈ ಕಾರ್ಯ ವಹಿಸಿಕೊಂಡವರಿಗೆ ಕೂಡಲೇ ಪೂರ್ಣ ಸದಸ್ಯತ್ವ ಮತ್ತು ನಿಶ್ಶಬ್ದತಾ ಸಂಚಾಲಕ ಎಂಬ ಪದವಿ. ಮೂವರೂ ನನ್ನ ಕಡೆ ತಿರುಗಿದರು.

"ಮಾಡ್ತಾರೆ ಬಿಡಿ" ಎಂದು ನನ್ನ ಪರವಾಗಿ ಹೆಂಡತಿ ಹೇಳಿದಳು. ಒಳಗೆ ಹೋಗಿ ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ ತಂದು ನನ್ನ ಕೈಗಿಟ್ಟಳು.

ನಾನು ಡಬ್ಬಿ ಹಿಡಿದು ನೇರವಾಗಿ ಬಾಲ್ಕನಿಗೆ ಹೊರಟೆ. ಅಧ್ಯಕ್ಷರು ತೋಳು ಹಿಡಿದು ನಿಲ್ಲಿಸಿದರು. ಆಮಂತ್ರಣ ಈಗಾಗಲೇ ಎಲ್ಲರಿಗೂ ಹೋಗಿದೆ. ಆದ್ದರಿಂದ ಶ್ರವಣ ಸಂಜೆಯಲ್ಲಿ ಆತಪಪ್ರಿಯ ದ್ವಿಸ್ವರಿಯನ್ನು ಕೇಳಿಸಲೇಬೇಕು, ಹಕ್ಕಿಯಲ್ಲದ್ದು ಹೇಗಿರುತ್ತದೆ ಎಂಬುದಕ್ಕೆ ಮಾದರಿಯಾಗಿ. ಸಭಾಂಗಣದಲ್ಲಿ ಒಂದು ಕಂಬಿ ಕಟ್ಟಿಸುತ್ತಾರೆ. ನಮ್ಮ ರಾಟೆಯನ್ನು ಬಿಚ್ಚಿ ಅಲ್ಲಿಗೆ ಒಯ್ಯಬೇಕು. ಹೆಂಡತಿ ಬಂದು ಎಲ್ಲರ ಮುಂದೆ ಬಟ್ಟೆ ಹರವಲು ಒಪ್ಪಿದ್ದಾಳೆ, ಬನಿಯನ್ನು ಹೊಸದಿರಬೇಕು ಎಂಬ ಷರತ್ತಿನ ಮೇಲೆ.

ಕಳೆದ ವಾರ ಅಧ್ಯಕ್ಷರ ಕ್ಲಿನಿಕ್ಕಿನ ಕಿಟಕಿಗೆ ಎಣ್ಣೆ ಬಿಟ್ಟು ಬಂದೆ. ಗೂಬೆ ಆಮೇಲೆ ಕೂಗಿಲ್ಲ. ಈ ಭಾನುವಾರ ಚಪ್ಪಲಿ ಅಂಗಡಿಯ ಷಟರು. ಶ್ರವಣ ಸಂಜೆಯಲ್ಲಿ ಹೆಂಡತಿಗೆ ಮೊದಲ ಸಾಲಿನಲ್ಲಿ ಕುರ್ಚಿ ಕಾದಿರಿಸಿದ್ದಾರೆ. ಹೊಸ ಅಭ್ಯರ್ಥಿ ಸದಸ್ಯರು ಯಾರೂ ಸೇರದ ಕಾರಣ, ಅದನ್ನು ಹಾಕುವವನು ನಾನೇ.